ಫೋಟೋದ ಅಕ್ಕೋರ ಕತ್ತಲೆ ಕೋಣೆ

ನಮ್ಮ ಆಸ್ಪತ್ರೆಗೆ ಎಕ್ಸ್‌ರೇ ಯಂತ್ರ ಬಂದದ್ದು ಮೀನಿನ ಲಾರಿಯಲ್ಲಿ!

ಮಂಗಳೂರಿನಲ್ಲಿ ಬಾಗಿಲು ಮುಚ್ಚಿದ ಒಂದು ನರ್ಸಿಂಗ್ ಹೋಮಿನವರು ಅದನ್ನು ನಮಗೆ ದಾನ ಕೊಟ್ಟಿದ್ದರು. ತರುವುದು ಹೇಗೆ ಎಂದು ಯೋಚಿಸುತ್ತಿದ್ದಾಗ, ಭಟ್ಕಳದಿಂದ ಮೀನು ಒಯ್ದು ಖಾಲಿ ಮರಳುವ ಲಾರಿಯೊಂದು ಸಿಕ್ಕಿತು. ಲಾರಿಯನ್ನು ತೊಳೆದು, ಹುಲ್ಲು ಹಾಸಿ, ಮದುಮಗಳನ್ನು ಕರೆತಂದಷ್ಟು ಜೋಪಾನವಾಗಿ ತಂದರು. ಆದರೂ ವಾಸನೆ ಬಿಡಲಿಲ್ಲ. ಮೊದಲ ಒಂದು ತಿಂಗಳು ಎದೆಯ ಫೋಟೋ ತೆಗೆಸಿಕೊಳ್ಳಲು ಬಂದವರು ಯಂತ್ರದ ಎದುರು ನಿಂತ ಕೂಡಲೇ ತಾವಾಗಿಯೇ ಉಸಿರು ಬಿಗಿಹಿಡಿಯುತ್ತಿದ್ದರು. ನಾನು ಹೇಳಬೇಕಾಗಿಯೇ ಇರಲಿಲ್ಲ.

ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗಿಯರು ಕೆಲವೊಮ್ಮೆ ಮನೆಗೆ ಬರುತ್ತಾರೆ. "ಗೀತಕ್ಕಾ, ಆಗೆಲ್ಲ ಹ್ಯಾಗೆ ಮಾಡ್ತಿದ್ರಿ?" ಎಂದು ಕೇಳುತ್ತಾರೆ. ಹೇಳಲು ಕುಳಿತರೆ ಚಹಾ ಆರಿಹೋಗುತ್ತದೆ, ನನ್ನ ಮಾತು ಮುಗಿಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಯಾವಾಗ ಖಾಯಂ ಆಯಿತು, ಯಾವಾಗ ಬಡ್ತಿ ಸಿಕ್ಕಿತು ಎಂಬುದೆಲ್ಲ ಇಲ್ಲಿ ಬೇಡ. ಕೈ ನಡುಗಿದ ದಿನಗಳು, ಎದೆ ಹಾರಿದ ದಿನಗಳು ಸಾಕು.

ಹೊನ್ನಾವರಕ್ಕೂ ಭಟ್ಕಳಕ್ಕೂ ನಡುವೆ, ಹೆದ್ದಾರಿಯ ಪಕ್ಕದಲ್ಲೇ ಇತ್ತು ನಮ್ಮ ಆಸ್ಪತ್ರೆ. ಮೊದಲು ಅದು ನಾಲ್ಕು ಹಾಸಿಗೆಯ ಹೆರಿಗೆ ಮನೆ, ಅಷ್ಟೇ. ಊರವರೇ ಸೇರಿ ಕಟ್ಟಿದ್ದು. ಒಬ್ಬರು ಜಾಗ ಕೊಟ್ಟರು, ಮೀನುಗಾರರು ಸೇರಿ ಮಂಚ ಕೊಟ್ಟರು, ಗಲ್ಫಿನಲ್ಲಿದ್ದ ಭಟ್ಕಳದವರು ಒಂದು ಸಣ್ಣ ಜನರೇಟರ್ ಕಳಿಸಿದರು. ಬರಬರುತ್ತಾ ಹೊರರೋಗಿ ವಿಭಾಗ ಬಂತು, ರಕ್ತ ಪರೀಕ್ಷೆಯ ಕೋಣೆ ಬಂತು, ವಾರಕ್ಕೊಮ್ಮೆ ಹಳ್ಳಿಗಳಿಗೆ ಹೋಗುವ ಜೀಪು ಬಂತು. ಆದರೆ ಕೈಕಾಲು ಮುರಿದರೆ ಮಾತ್ರ ಕುಮಟೆಗೋ ಮಂಗಳೂರಿಗೋ ಓಡಬೇಕಿತ್ತು. ಹುಬ್ಬಳ್ಳಿಯಲ್ಲಿ ಎರಡು ವರ್ಷ ಎಕ್ಸ್‌ರೇ ಕಲಿತು ಬಂದ ನಾನು ಆರು ತಿಂಗಳು ಯಂತ್ರವೇ ಇಲ್ಲದ ಟೆಕ್ನಿಷಿಯನ್ ಆಗಿ ಚೀಟಿ ಬರೆಯುತ್ತಾ ಕುಳಿತಿದ್ದೆ. ಲಾರಿಯ ಹಾರ್ನ್ ಕೇಳಿದಾಗ ಚೀಟಿ ಪುಸ್ತಕ ಎಲ್ಲಿ ಬಿಸಾಡಿದೆನೋ ಇವತ್ತಿಗೂ ನೆನಪಿಲ್ಲ!

ಯಂತ್ರವೇನೋ ಬಂತು, ಕರೆಂಟು ಬರಬೇಕಲ್ಲ? ಆಸ್ಪತ್ರೆಯ ಹಿಂದೆ ಇಸ್ಮಾಯಿಲ್ ಸಾಹೇಬರ ಅಕ್ಕಿ ಗಿರಣಿ. ಗಿರಣಿ ತಿರುಗುತ್ತಿದ್ದರೆ ನಮ್ಮ ವೋಲ್ಟೇಜು ಕುಸಿಯುತ್ತಿತ್ತು, ಫೋಟೋ ಮಂಜಿನಲ್ಲಿ ತೆಗೆದ ಹಾಗೆ ಬರುತ್ತಿತ್ತು. ಜನರೇಟರ್ ಹೆರಿಗೆ ಕೋಣೆಯ ದೀಪಕ್ಕೆ ಮಾತ್ರ ಸಾಲುತ್ತಿತ್ತು. ನಮ್ಮ ಮುಖ್ಯ ವೈದ್ಯೆ ಡಾ. ವಸುಂಧರಾ ಗಿರಣಿಗೆ ನಡೆದುಕೊಂಡೇ ಹೋಗಿ ವಿಷಯ ಹೇಳಿದರು. ಸಾಹೇಬರು ಗಡ್ಡ ಸವರಿಕೊಂಡು, "ನೀವು ಕಿಟಕಿಗೆ ಒಂದು ಕೆಂಪು ಬಟ್ಟೆ ಕಟ್ಟಿ, ಡಾಕ್ಟ್ರಬಾಯಿ. ಅದು ಕಂಡ್ರೆ ನಾನು ಬಂದ್ ಮಾಡ್ತೇನೆ. ತೆಗೆದ್ರೆ ಚಾಲೂ" ಎಂದರು. ಅಷ್ಟೇ ಒಪ್ಪಂದ. ಮುಂದಿನ ಎಷ್ಟೋ ವರ್ಷ ನನ್ನ ಕಿಟಕಿಯಲ್ಲಿ ಕೆಂಪು ಟವೆಲ್ಲು ಏರಿಳಿಯಿತು, ಅದಕ್ಕೆ ಸರಿಯಾಗಿ ಗಿರಣಿಯ ಸದ್ದು ನಿಂತು ಶುರುವಾಯಿತು.

ಡಾ. ವಸುಂಧರಾ ಅವರ ಬಗ್ಗೆ ಹೇಳಲೇಬೇಕು. ಕುಮಟೆ ಕಡೆಯವರು, ಬಯಲುಸೀಮೆಯ ಸರಕಾರಿ ಆಸ್ಪತ್ರೆಗಳಲ್ಲಿ ದುಡಿದು ಊರಿಗೆ ಮರಳಿದವರು. ಗಿಡ್ಡ ಆಳು, ದಪ್ಪ ಕನ್ನಡಕ, ಸದಾ ಅವಸರ. ರೋಗಿಗಳು ಅವರನ್ನು ಡಾಕ್ಟ್ರಬಾಯಿ ಎನ್ನುತ್ತಿದ್ದರು. ನನಗೆ ಸಿಕ್ಕ ಹೆಸರು ಫೋಟೋದ ಅಕ್ಕೋರು. ನಮ್ಮ ಕಡೆ ಶಾಲೆಯ ಟೀಚರಮ್ಮನಿಗೆ ಅಕ್ಕೋರು ಎನ್ನುವುದು. "ನಿಂತುಕೊಳ್ಳಿ, ಅಲ್ಲಾಡಬೇಡಿ, ಉಸಿರು ಎಳೀರಿ" ಎಂದು ಅಪ್ಪಣೆ ಕೊಡುತ್ತಿದ್ದದ್ದಕ್ಕೆ ನನಗೂ ಆ ಪದವಿ ಸಿಕ್ಕಿರಬೇಕು.

ಫಿಲ್ಮು ತೊಳೆಯುವ ಕತ್ತಲೆ ಕೋಣೆಯನ್ನು ನೀವು ನೋಡಿರಲಿಕ್ಕಿಲ್ಲ. ಎಂಟಡಿ ಉದ್ದ, ಐದಡಿ ಅಗಲ, ಗಾಳಿಯಿಲ್ಲ. ಒಂದು ಮಂದ ಕೆಂಪು ದೀಪ. ಮೂರು ತೊಟ್ಟಿ. ಮೊದಲನೆಯದರಲ್ಲಿ ಚಿತ್ರ ಮೂಡಿಸುವ ದ್ರಾವಣ, ಎರಡನೆಯದರಲ್ಲಿ ನೀರು, ಮೂರನೆಯದರಲ್ಲಿ ಚಿತ್ರ ಅಳಿಯದಂತೆ ಹಿಡಿದಿಡುವ ದ್ರಾವಣ. ಫಿಲ್ಮನ್ನು ಉಕ್ಕಿನ ಚೌಕಟ್ಟಿಗೆ ಸಿಕ್ಕಿಸಿ ಅದ್ದಿ, ಎಣಿಸುತ್ತಾ ನಿಲ್ಲಬೇಕು. ಏಪ್ರಿಲ್ ಸೆಕೆಯಲ್ಲಿ ದ್ರಾವಣ ಬಿಸಿಯಾಗಿ ಚಿತ್ರ ಕಪ್ಪಾಗುತ್ತಿತ್ತು, ಆಗ ಐಸಿನ ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತೊಟ್ಟಿಗೆ ಇಳಿಬಿಡುತ್ತಿದ್ದೆ. ಬೆರಳ ತುದಿಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಹುಳಿ ವಾಸನೆ ಸೀರೆಗೆ, ಕೂದಲಿಗೆ. ಆದರೂ ಆ ಮಸುಕು ಬೆಳಕಿನಲ್ಲಿ, ಏನೂ ಇಲ್ಲದ ಹಾಳೆಯ ಮೇಲೆ ಒಂದು ಪಕ್ಕೆಲುಬು, ಅದರ ಕೆಳಗೆ ಇನ್ನೊಂದು, ಆಮೇಲೆ ಹೃದಯದ ಅಂಚು, ಹೀಗೆ ಒಬ್ಬ ಮನುಷ್ಯನ ಒಳಗು ಮೂಡಿ ಬರುವುದಿದೆಯಲ್ಲ, ಸಾವಿರ ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತಿತ್ತು!

ಸಂತೆಗುಳಿಯಿಂದ ಒಬ್ಬ ಅಜ್ಜಿಯನ್ನು ಮಗ ಕರೆತಂದಿದ್ದ. ಎದೆಯ ಫೋಟೋ ತೆಗೆಯಬೇಕು. ಕೊರಳಲ್ಲಿ ತಾಳಿ, ಕರಿಮಣಿ. ಚಿತ್ರಕ್ಕೆ ಅಡ್ಡ ಬರುತ್ತದೆ, ತೆಗೆಯಿರಿ ಎಂದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ತಮ್ಮ ಹವ್ಯಕ ಮಾತಿನಲ್ಲಿ, "ಆನು ತೆಗಿತ್ನಿಲ್ಲೆ. ನಿನ್ನ ಫೋಟೋನೂ ಬ್ಯಾಡ, ಎಂತದೂ ಬ್ಯಾಡ. ಆನು ಹೋಗ್ತಿ" ಎಂದು ಹೊರಟೇಬಿಟ್ಟರು. ನಾನು ಓಡಿ ಅಡ್ಡ ನಿಂತೆ. "ತೆಗೆಯುವುದು ಬೇಡ ಅಜ್ಜಿ, ಮೇಲೆತ್ತಿ ಹಲ್ಲಲ್ಲಿ ಕಚ್ಚಿಕೊಳ್ಳಿ" ಎಂದೆ. ಅಜ್ಜಿ ಯೋಚಿಸಿದರು. "ಅಡ್ಡಿಲ್ಲೆ" ಎಂದು ಕಚ್ಚಿಕೊಂಡು ಸಿಪಾಯಿಯ ಹಾಗೆ ನಿಂತರು. ಅಂದಿನಿಂದ ಅದೇ ನನ್ನ ಪದ್ಧತಿಯಾಯಿತು. ರೋಗಿಯ ನಂಬಿಕೆಯ ಜೊತೆ ವಾದಕ್ಕೆ ನಿಂತರೆ ಫೋಟೋ ಬರುವುದಿಲ್ಲ.

ನನ್ನ ತಪ್ಪನ್ನೂ ಹೇಳಬೇಕು, ಇಲ್ಲದಿದ್ದರೆ ಬರೆದು ಪ್ರಯೋಜನವೇನು? ಕುಮಟೆ ಹತ್ತಿರದ ಬಾಡ ಊರಿನ ದೇವಪ್ಪ ಎಂಬ ಮೀನುಗಾರರನ್ನು ಹೊನ್ನಾವರ ಬಂದರಿನಿಂದ ನೇರ ನಮ್ಮಲ್ಲಿಗೆ ತಂದರು. ಬಲೆ ಎಳೆಯುವ ಹಗ್ಗ ಸಿಡಿದು ಎರಡೂ ಕೈಗಳ ಮಣಿಕಟ್ಟು ಊದಿತ್ತು. ಎರಡೂ ಕೈಯ ಫೋಟೋ ತೆಗೆದೆ. ಯಾವ ಕೈ ಎಂದು ಗುರುತಿಸಲು ಫಿಲ್ಮಿನ ಪೆಟ್ಟಿಗೆಯ ಮೇಲೆ ಸೀಸದ ಅಕ್ಷರ ಇಡಬೇಕು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಅವಸರದಲ್ಲಿ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟುಬಿಟ್ಟೆ.

ಒಂದು ಕೈಯ ಮೂಳೆ ಮುರಿದಿತ್ತು. ಡಾಕ್ಟರು ಪ್ಲಾಸ್ಟರಿನ ಪಟ್ಟಿ ನೆನೆಸಿ, ಸುತ್ತಲು ಕೈ ಹಿಡಿದಾಗ ದೇವಪ್ಪ ಸಂಕೋಚದಿಂದಲೇ, "ಡಾಕ್ಟ್ರಬಾಯಿ, ನೋವು ಆ ಕೈಲಿ ಜಾಸ್ತಿ ಅದೆ. ಇದ್ರಲ್ಲಿ ಅಷ್ಟಿಲ್ಲ" ಎಂದರು. ಡಾಕ್ಟರು ಕನ್ನಡಕದ ಮೇಲಿನಿಂದ ನನ್ನತ್ತ ನೋಡಿದರು. ನನಗೆ ಗೊತ್ತಾಗಿಹೋಯಿತು.

"ಅಕ್ಷರ ನಾನು ತಪ್ಪು ಇಟ್ಟೆ ಅಂತ ಕಾಣ್ತದೆ" ಎಂದೆ, ದೇವಪ್ಪನವರ ಎದುರೇ.

"ಕಾಣ್ತದೆ ಅಂದ್ರೆ ಆಗುದಿಲ್ಲ. ಮತ್ತೆ ತೆಗಿ" ಎಂದರು ಡಾಕ್ಟರು.

ಮತ್ತೆ ತೆಗೆದೆ. ನನ್ನದೇ ತಪ್ಪು. ನೆನೆಸಿದ ಪಟ್ಟಿ ಬಟ್ಟಲಲ್ಲೇ ಗಟ್ಟಿಯಾಗಿತ್ತು. ಅದನ್ನು ಎಸೆದು ಹೊಸದು ಸುತ್ತಿದರು. ಆಮೇಲೆ ನನ್ನನ್ನು ಕರೆದು, "ಒಪ್ಪಿಕೊಂಡ್ಯಲ್ಲ, ಬೈಯುದಿಲ್ಲ. ಆದ್ರೆ ಇನ್ನು ಮುಂದೆ ಅಕ್ಷರ ಇಡುಕೆ ಮೊದ್ಲು ರೋಗಿ ಹತ್ರ ಕೇಳು, ಇದು ಯಾವ ಕೈ ಅಂತ. ಅವರ ಬಾಯಿಂದ ಬಂದ ಮೇಲೆ ಇಡು" ಎಂದರು. ನಿವೃತ್ತಳಾಗುವ ದಿನದವರೆಗೂ ಕೇಳಿದೆ. "ಇದು ಯಾವ ಕೈ ಅಂತ ನಿಮಗೆ ಗೊತ್ತಿಲ್ವಾ ಅಕ್ಕೋರೆ?" ಎಂದು ನಕ್ಕವರು ಎಷ್ಟೋ ಜನ. ನಗಲಿ, ಪರವಾಗಿಲ್ಲ.

ಎರಡು ಸಾವಿರದ ನಂತರದ ವರ್ಷಗಳಲ್ಲಿ ಎಲ್ಲ ಬದಲಾಗತೊಡಗಿತು. ಆಸ್ಪತ್ರೆಗೆ ಬೇರೆಯೇ ಕರೆಂಟು ಲೈನು ಬಂತು. ಮೊದಲು ಫಿಲ್ಮನ್ನು ತಾನೇ ತೊಳೆದು ಒಣಗಿಸಿ ಕೊಡುವ ಪೆಟ್ಟಿಗೆ, ಕೆಲವು ವರ್ಷಗಳ ಮೇಲೆ ಕಂಪ್ಯೂಟರಿನಲ್ಲಿ ಚಿತ್ರ ತೋರಿಸುವ ಯಂತ್ರ. ಅದನ್ನು ಜೋಡಿಸಲು ಬಂದ ಇಂಜಿನಿಯರು "ಪರೀಕ್ಷೆಗೆ ಏನಾದರೂ ಕೊಡಿ" ಎಂದಾಗ ನಮ್ಮ ನರ್ಸ್ ಒಬ್ಬಳು ಮಧ್ಯಾಹ್ನದ ಅಡುಗೆಗೆಂದು ತಂದಿದ್ದ ಬಂಗಡೆ ಮೀನನ್ನು ಕಾಗದದ ಸಮೇತ ಮೇಜಿನ ಮೇಲಿಟ್ಟಳು. ಗುಂಡಿ ಒತ್ತಿದೆ. ಒಂದು ನಿಮಿಷವೂ ಆಗಿಲ್ಲ, ಪರದೆಯ ಮೇಲೆ ಬಂಗಡೆ! ಬೆನ್ನುಮೂಳೆ, ಕೂದಲಿನಂಥ ಮುಳ್ಳುಗಳು, ರೆಕ್ಕೆಯ ಗೆರೆಗಳು! ಹೆರಿಗೆ ಕೋಣೆಯಿಂದ, ಔಷಧಿ ಅಂಗಡಿಯಿಂದ ಎಲ್ಲರೂ ಓಡಿ ಬಂದರು. ಕತ್ತಲೆ ಕೋಣೆ ಹೋಯಿತೆಂದು ನನಗೆ ಬೇಸರವಾಗಲಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಇಲ್ಲ. ಅಷ್ಟು ವರ್ಷ ಬೆವರಿದವಳಿಗೆ ಆ ಬಂಗಡೆ ಹಬ್ಬದೂಟದಂತೆ ಕಂಡಿತು.

ಆದರೆ ನಾನು ನಿಜವಾಗಿ ಹೇಳಬೇಕೆಂದಿರುವುದು ಕತ್ತಲೆ ಕೋಣೆಯ ಕಾಲದ ಒಂದು ಘಟನೆ. ಕೊಂಕಣ ರೈಲು ಓಡಲು ಶುರುವಾದ ಹೊಸತು. ಮಳೆಗಾಲ. ಭಟ್ಕಳದ ಪಕ್ಕದ ಜಾಲಿಯಿಂದ ಜಟ್ಟಪ್ಪ ಮತ್ತು ಮಾದೇವಿ ಎಂಬ ಗಂಡ ಹೆಂಡತಿ ನಾಲ್ಕು ವರ್ಷದ ಮಗಳು ರೇಖಾಳನ್ನು ಕರೆದುಕೊಂಡು ಬಂದರು. ಜಟ್ಟಪ್ಪ ಮೀನು ಬೋಟಿನ ಡ್ರೈವರ್. ಮಾದೇವಿ ಮೀನು ಮಾರುವವಳು, ಆಗ ಐದು ತಿಂಗಳ ಬಸುರಿ. ಮಗು ಎರಡು ತಿಂಗಳಿಂದ ಕೆಮ್ಮುತ್ತಿತ್ತು. ಒಬ್ಬರು ದಮ್ಮು ಎಂದಿದ್ದರು, ಇನ್ನೊಬ್ಬರು ಕ್ಷಯ ಇರಬಹುದು, ಬರುವ ವಾರದಿಂದ ಮಾತ್ರೆ ಶುರು ಮಾಡೋಣ ಎಂದಿದ್ದರು.

"ಕ್ಷಯ ಅಂದದ್ದೇ ಸೈ, ನೆರೆಮನೆಯವ್ರು ಮಕ್ಕಳನ್ನ ನಮ್ಮನೆ ಬದಿಗೆ ಕಳ್ಸುದಿಲ್ಲ ಅಕ್ಕೋರೆ" ಎಂದಳು ಮಾದೇವಿ. "ಇದು ಒಂದೇ ಕೂತ್ಕಂಡು ಆಡ್ತದೆ. ತಿಂಬುದೂ ಬಿಟ್ಟದೆ." ಮಗುವಿನ ತೋಳು ನನ್ನ ಎರಡು ಬೆರಳಿನ ದಪ್ಪ ಇತ್ತು.

ಎದೆಯ ಫೋಟೋ ತೆಗೆದೆ. ಡಾಕ್ಟರು ನೋಡಿದರು. ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು, ಕ್ಷಯದ ಕಲೆಯೂ ಇಲ್ಲ. ಆದರೆ ಅವರು ಮತ್ತೆ ಮತ್ತೆ ಮಗುವಿನ ಬೆನ್ನಿಗೆ ಸ್ಟೆತಸ್ಕೋಪು ಇಡುತ್ತಿದ್ದರು. "ಬಲಗಡೆ ಗಾಳಿ ಸದ್ದು ಕಮ್ಮಿ ಅದೆ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಮಾದೇವಿಯನ್ನು ಕೇಳಿದರು. "ಕೆಮ್ಮು ಶುರುವಾಪುಕೆ ಮೊದ್ಲು ಬಾಯಿಗೆ ಎಂತಾರೂ ಹಾಕ್ಕಂಡಿತ್ತಾ?"

"ನಂಗೆ ಗೊತ್ತಿಲ್ರಾ. ನಾ ಪೇಟೆಲಿದ್ದೆ ಮೀನು ಮಾರುಕೆ."

ಡಾಕ್ಟರು ನನ್ನನ್ನು ಬದಿಗೆ ಕರೆದರು. "ಗೀತಾ, ಉಸಿರು ಎಳೆದಾಗಿನ ಫೋಟೋ ಇದು. ನಂಗೆ ಉಸಿರು ಪೂರ್ತಿ ಬಿಟ್ಟಾಗಿನ ಫೋಟೋ ಬೇಕು. ಒಳಗೆ ಎಂತಾರೂ ಸಿಕ್ಕಿಕೊಂಡಿದ್ರೆ ಆ ಬದಿಯ ಗಾಳಿ ಹೊರಗೆ ಬರುದಿಲ್ಲ. ಬೀಜವೋ ಪ್ಲಾಸ್ಟಿಕ್ಕೋ ಆಗಿದ್ರೆ ಅದು ಫೋಟೋದಲ್ಲಿ ಕಾಣುದಿಲ್ಲ. ಆದ್ರೆ ಸಿಕ್ಕಿಬಿದ್ದ ಗಾಳಿ ಕಾಣ್ತದೆ."

ದೊಡ್ಡವರಿಗಾದರೆ "ಉಸಿರು ಬಿಡಿ, ಹಾಗೇ ಇರಿ" ಎನ್ನಬಹುದು. ನಾಲ್ಕು ವರ್ಷದ, ಹೆದರಿದ ಮಗುವಿಗೆ? ಅದರ ಮೇಲೆ ನಮ್ಮ ಹಳೆಯ ಯಂತ್ರಕ್ಕೆ ಚಿತ್ರ ಹಿಡಿಯಲು ಅರ್ಧ ಸೆಕೆಂಡು ಬೇಕು. ಸ್ವಲ್ಪ ಅಲ್ಲಾಡಿದರೂ ಕೆಡುತ್ತದೆ. ಇನ್ನೂ ದೊಡ್ಡ ಕಷ್ಟವೆಂದರೆ, ಹುಬ್ಬಳ್ಳಿಯಿಂದ ಬರಬೇಕಿದ್ದ ಫಿಲ್ಮು ಘಟ್ಟದಲ್ಲಿ ಮಣ್ಣು ಕುಸಿದು ದಾರಿಯಲ್ಲೇ ನಿಂತಿತ್ತು. ನನ್ನ ಹತ್ತಿರ ಆ ಅಳತೆಯ ಫಿಲ್ಮು ಉಳಿದದ್ದು ಎರಡೇ ಎರಡು.

ಬಸುರಿಯನ್ನು ಆ ಕೋಣೆಯಲ್ಲಿ ನಿಲ್ಲಿಸುವಂತಿಲ್ಲ. ಹಾಗಾಗಿ ಜಟ್ಟಪ್ಪನಿಗೆ ಸೀಸದ ಏಪ್ರನ್ ತೊಡಿಸಿ, ಮಗುವಿನ ಕೈಗಳನ್ನು ಮೇಲೆತ್ತಿ ಹಿಡಿಯಲು ಹೇಳಿದೆ. ಅವನ ಮುಖ ಗಂಟಾಗಿತ್ತು. "ಒಂದ್ಸಲ ತೆಗ್ದು ಎಂತದೂ ಇಲ್ಲ ಅಂದ್ರಿ. ಮತ್ತೆಂತಕೆ ಇದಕ್ಕೆ ಹಿಂಸೆ?" ಎಂದ. ನಾನು ಅವನ ಏಪ್ರನ್ನಿನ ಪಟ್ಟಿ ಬಿಗಿದೆ.

ಕೆಂಪು ಟವೆಲ್ಲು ಕಟ್ಟಿದೆ. ಗಿರಣಿ ನಿಂತಿತು. ರೇಖಾ ಅಳತೊಡಗಿದಳು. ಮೊದಲ ಸಲ ನಾನು ಗುಂಡಿ ಒತ್ತಿದ್ದು ಅವಳು ಉಸಿರೆಳೆಯುವ ಹೊತ್ತಿಗೆ. ತೊಳೆದು ನೋಡಿದರೆ ಮೊದಲಿನದರ ನಕಲು! ಒಂದು ಫಿಲ್ಮು ಹೋಯಿತು.

ಉಳಿದದ್ದು ಒಂದು. ಗುಂಡಿಯ ತಂತಿ ಹಿಡಿದುಕೊಂಡು ಸುಮ್ಮನೆ ನಿಂತು ಮಗುವಿನ ಅಳುವನ್ನು ಕೇಳತೊಡಗಿದೆ. ಆಗ ಹೊಳೆಯಿತು. ಮಗು ಅಳುವುದೆಂದರೆ ಉಸಿರು ಬಿಡುವುದೇ ಅಲ್ಲವೇ! ಉದ್ದಕ್ಕೆ ಎಳೆದು ಅತ್ತು, ಕೊನೆಯಲ್ಲಿ ದನಿಯೇ ಇಲ್ಲದೆ ಒಂದು ಕ್ಷಣ ಬಾಯಿ ತೆರೆದು ನಿಲ್ಲುತ್ತದೆ. ಆಮೇಲೆ ಹೊಸ ಉಸಿರು. ಆ ಒಂದು ಕ್ಷಣದಲ್ಲಿ ಎದೆ ಖಾಲಿ, ಮೈ ಅಲುಗುವುದೂ ಇಲ್ಲ. ಅಳುವಿಗೆ ಒಂದು ತಾಳವಿತ್ತು. ಒಂದು ಅಳು ಬಿಟ್ಟೆ. ಎರಡನೆಯದನ್ನು ಬಿಟ್ಟೆ. ಜಟ್ಟಪ್ಪ "ಎಷ್ಟೊತ್ತು ಅಕ್ಕೋರೆ?" ಎಂದು ಗದರಿದ. ಮೂರನೆಯದು ಉದ್ದಕ್ಕೆ, ಉದ್ದಕ್ಕೆ ಎಳೆದು, ದನಿ ಸಣ್ಣದಾಗಿ, ನಿಂತಿತು. ಒತ್ತಿದೆ!

ಕತ್ತಲೆ ಕೋಣೆಗೆ ಹೇಗೆ ಹೋದೆನೋ. ಫಿಲ್ಮನ್ನು ಅದ್ದಿ ಕೆಂಪು ಬೆಳಕಿನಲ್ಲಿ ಬಗ್ಗಿ ನಿಂತೆ. ಎಡಗಡೆಯ ಶ್ವಾಸಕೋಶ ಮಸುಕಾಗಿ, ಕುಗ್ಗಿ ಬಂತು. ಬಲಗಡೆ? ಬಲಗಡೆ ಹಾಗೇ ಇತ್ತು, ಗಾಳಿ ತುಂಬಿಕೊಂಡು ಅಗಲವಾಗಿ. ಹೃದಯವನ್ನೇ ಆಚೆ ಬದಿಗೆ ತಳ್ಳಿತ್ತು! ಪೂರ್ತಿ ತೊಳೆಯುವ ತಾಳ್ಮೆ ಯಾರಿಗಿದೆ? ಚಿತ್ರ ಹಿಡಿದಿಡುವ ತೊಟ್ಟಿಯಲ್ಲಿ ಅದ್ದಿ ತೆಗೆದು, ತೊಟ್ಟಿಕ್ಕುತ್ತಿದ್ದ ಫಿಲ್ಮನ್ನು ಹಿಡಿದುಕೊಂಡು ಹೊರರೋಗಿಗಳ ಸಾಲಿನ ನಡುವೆಯೇ ಓಡಿದೆ. ಯಾರದೋ ಬಿಳಿ ಪಂಚೆಯ ಮೇಲೂ ಹನಿ ಬಿತ್ತು. ಡಾಕ್ಟರು ಕಿಟಕಿಯ ಬೆಳಕಿಗೆ ಹಿಡಿದರು.

"ಅದೆ ಗೀತಾ! ಒಳಗೆ ಎಂತದೋ ಅದೆ!"

ಈಗ ಜಟ್ಟಪ್ಪನನ್ನು ಒಪ್ಪಿಸಬೇಕಿತ್ತು. ಮಂಗಳೂರಿಗೆ ಹೋಗಬೇಕು, ಮಗುವಿಗೆ ಮೈಮರೆವಿನ ಮದ್ದು ಕೊಟ್ಟು ಶ್ವಾಸನಾಳದೊಳಗೆ ಕೊಳವೆ ಇಳಿಸಿ ತೆಗೆಯಬೇಕು ಎಂದು ಡಾಕ್ಟರು ಹೇಳಿದಾಗ ಅವನು ಮಗುವನ್ನು ಎತ್ತಿಕೊಂಡು ಎದ್ದು ನಿಂತ. "ಒಬ್ರು ದಮ್ಮು ಅಂತ್ರು, ಒಬ್ರು ಕ್ಷಯ ಅಂತ್ರು, ನೀವು ಒಳಗೆ ಎಂತದೋ ಅದೆ ಅಂತ್ರಿ. ಯಾರ ಮಾತು ಕೇಳುದು?"

ನಾನು ಎರಡೂ ಫೋಟೋಗಳನ್ನು ಅವನ ಎದುರು ಅಕ್ಕಪಕ್ಕ ಹಿಡಿದೆ. "ನೋಡು ಜಟ್ಟಪ್ಪ, ಇದು ಉಸಿರು ಎಳೆದಾಗ. ಎರಡೂ ಬದಿಯಲ್ಲಿ ಗಾಳಿ ತುಂಬಿದೆ. ಇದು ಬಿಟ್ಟಾಗ. ಈ ಬದಿಯದು ಹೊರಗೆ ಹೋಗಿದೆ. ಈ ಬದಿಯದು ಹೋಗಲೇ ಇಲ್ಲ."

ಅವನು ಒಂದನ್ನು ನೋಡಿ, ಇನ್ನೊಂದನ್ನು ನೋಡಿ, ಮತ್ತೆ ಮೊದಲಿನದನ್ನು ನೋಡಿ, ಮೆಲ್ಲಗೆ ಹೇಳಿದ. "ಬೋಟಿನ ಪಂಪಿನ ವಾಲ್ವಿಗೆ ಕಸ ಸಿಕ್ಕಂಡ್ರೆ ಹಿಂಗೇ ಆತದೆ. ಒಳಗೆ ಹೋತದೆ, ಹೊರಗೆ ಬರುದಿಲ್ಲ. ಬಿಚ್ಚಿ ಕಸ ತೆಗಿಬೇಕು."

"ಅದೇ ಮಾರಾಯಾ, ಅದೇ!" ಎಂದರು ಡಾಕ್ಟರು, ಕುರ್ಚಿಯಿಂದ ಎದ್ದೇಬಿಟ್ಟು.

"ಆತು. ಹೋಪ" ಎಂದ ಜಟ್ಟಪ್ಪ.

ಡಾಕ್ಟರು ಮಂಗಳೂರಿಗೆ ಫೋನು ಮಾಡಿ, ಪತ್ರ ಬರೆದರು. ನಾನು ಫಿಲ್ಮನ್ನು ಸರಿಯಾಗಿ ತೊಳೆದು ಫ್ಯಾನಿನ ಕೆಳಗೆ ಹಿಡಿದು ಒಣಗಿಸಿದೆ. ಜೀಪು ಹೊರಟಿತು. ಆಗ ಬಾಗಿಲಲ್ಲಿ ಇಸ್ಮಾಯಿಲ್ ಸಾಹೇಬರು ನಿಂತಿದ್ದರು. ಟವೆಲ್ಲು ತೆಗೆಯುವುದನ್ನೇ ನಾನು ಮರೆತಿದ್ದೆ! ಅಷ್ಟು ಹೊತ್ತೂ ಗಿರಣಿ ನಿಂತಿತ್ತು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಅವರು, "ಅದು ಬಿಡಿ. ಅಳ್ತಾ ಇತ್ತಲ್ಲ, ಆ ಮಗು ಹೇಗಿದೆ?" ಎಂದರು.

ಮರುದಿನ ಬೆಳಿಗ್ಗೆ ನಾನು ಕತ್ತಲೆ ಕೋಣೆಯಲ್ಲಿದ್ದೆ. ಯಾರದೋ ಫಿಲ್ಮು ತೊಟ್ಟಿಯಲ್ಲಿತ್ತು. ಹೊರಗಿನಿಂದ ಬಾಗಿಲು ಬಡಿಯುವ ಸದ್ದು. ಬೆಳಕು ತಾಗಿದರೆ ಫಿಲ್ಮು ಹಾಳಾಗುತ್ತದೆ, ತೆರೆಯುವಂತಿಲ್ಲ. "ಈಗ ತೆಗೆಯಲಿಕ್ಕೆ ಆಗುದಿಲ್ಲ!" ಎಂದು ಕೂಗಿದೆ.

"ತೆಗಿಬೇಡ!" ಬಾಗಿಲ ಆಚೆಯಿಂದ ಡಾಕ್ಟರ ದನಿ. "ಹುಣಸೆ ಬೀಜ ಗೀತಾ! ಹುಣಸೆ ಬೀಜ! ತೆಗ್ದ್ರಂತೆ! ಮಗು ಹುಷಾರಿದೆ!"

ಕಾರಿಡಾರಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ನಾನು ಕೆಂಪು ದೀಪದ ಕೆಳಗೆ, ಒಂದು ಕೈಯಲ್ಲಿ ಚೌಕಟ್ಟು ಹಿಡಿದುಕೊಂಡು, ಎಣಿಸುತ್ತಿದ್ದ ಲೆಕ್ಕ ತಪ್ಪಿ, ನಗುತ್ತಾ ಅಳುತ್ತಾ ನಿಂತೆ. ಆ ಫಿಲ್ಮು ಸ್ವಲ್ಪ ಕಪ್ಪಾಗಿಯೇ ಬಂತು.

ತಿಂಗಳ ಮೇಲೆ ಮೂವರೂ ಬಂದರು. ಎಲ್ಲ ಸರಿಯಾಗಿದೆಯೇ ನೋಡಲು ಮತ್ತೊಮ್ಮೆ ಅದೇ ತರಹದ ಫೋಟೋ ಬೇಕಿತ್ತು. ರೇಖಾಳ ಕೆನ್ನೆ ತುಂಬಿತ್ತು, ತಲೆಗೆ ಎರಡು ಜುಟ್ಟು. ನೆರೆಮನೆಯ ಮಕ್ಕಳು ಈಗ ಅಂಗಳ ಬಿಟ್ಟೇ ಹೋಗುವುದಿಲ್ಲ ಎಂದಳು ಮಾದೇವಿ. ನಾನು ಗುಂಡಿ ಹಿಡಿದು, ಈ ಸಲವೂ ಅಳಿಸಬೇಕಲ್ಲ ಎಂದು ಸಂಕಟಪಡುತ್ತಿದ್ದೆ. ಅಷ್ಟರಲ್ಲಿ ಜಟ್ಟಪ್ಪ ಏಪ್ರನ್ ತೊಟ್ಟು ಬಂದ. ಭಾರಕ್ಕೆ ಬಾಗಿ, ಕುತ್ತಿಗೆ ಮುಂದೆ ಚಾಚಿದ್ದ.

"ಅಪ್ಪ ಆಮೆ!" ಎಂದು ಚೀರಿದಳು ರೇಖಾ. ನಗತೊಡಗಿದಳು. ನಕ್ಕು ನಕ್ಕು, ಉಸಿರೆಲ್ಲ ಖಾಲಿಯಾಗಿ, ದನಿಯೇ ಹೊರಡದೆ ಒಂದು ಕ್ಷಣ ನಿಂತಳು. ಒತ್ತಿದೆ.

ಹಸಿ ಫೋಟೋವನ್ನು ಡಾಕ್ಟರು ಕಿಟಕಿಗೆ ಹಿಡಿದರು. ಎರಡೂ ಬದಿ ಒಂದೇ ಸಮ ಕುಗ್ಗಿತ್ತು. ಹೃದಯ ನಡುವಿನ ತನ್ನ ಜಾಗಕ್ಕೆ ಬಂದಿತ್ತು. ರೇಖಾ ಅಪ್ಪನ ತೋಳಿನಿಂದ ಕತ್ತು ಚಾಚಿ ನೋಡಿ, ಮುಖ ಸಣ್ಣ ಮಾಡಿದಳು.

"ನನ್ನ ಮುಖ ಎಲ್ಲಿ ಅದೆ? ಫೋಟೋದಲ್ಲಿ ಮುಖ ಬರ್ಲೇ ಇಲ್ಲ."

"ಮುಖ ಬರ್ಲಿಲ್ಲ ಮಗಾ" ಎಂದರು ಡಾಕ್ಟರು, ಫೋಟೋದಿಂದ ಕಣ್ಣು ತೆಗೆಯದೆ. "ನಿನ್ನ ನಗು ಬಂದದೆ."